ಸುಣ್ಣ ಹಾಕುವ ಕೈ

ತಾಂಬಾ ಊರಿನ ಬಂದಗಿಸಾಬ ಇಂಡಿಯಲ್ಲಿ ಹನ್ನೆರಡು ವರ್ಷ ಟೆನಿಸ್ ಆಡಿ ಹೊಟ್ಟೆ ಹೊರೆದ. ಅದರಲ್ಲಿ ಹತ್ತು ವರ್ಷ ದಿನಕ್ಕೆರಡು ಆಟ ಸೋತ. ಜ್ವರ ಬಂದರೂ ಸೋತ, ಮಳೆ ಬಿಟ್ಟ ಅರ್ಧ ತಾಸಿನಲ್ಲಿ ಓಡಿ ಬಂದು ಸೋತ. ಹೀಗೆ ತಪ್ಪದೆ ಸೋತದ್ದಕ್ಕೆ ತಿಂಗಳಿಗೆ ಪಗಾರವಿತ್ತು, ಇರಲು ಸಾಹೇಬರ ಕ್ಲಬ್ಬಿನ ಹಿಂದೆ ಎರಡು ಕೋಣೆಯ ಮನೆಯಿತ್ತು. ಜೀವ ಒತ್ತೆಯಿಟ್ಟು ಗೆದ್ದದ್ದು ಒಂದೇ ಸಲ. ಆ ಒಂದು ಸಲಕ್ಕೆ ಏನೇನಾಯಿತು ಎಂಬುದನ್ನು ಹೇಳಬೇಕಾದರೆ ಸೊಲ್ಲಾಪುರದಿಂದ ಶುರುಮಾಡಬೇಕು.

ಸೊಲ್ಲಾಪುರದ ಒಂದು ಜಿಮಖಾನಾದಲ್ಲಿ ರಸೂಲಸಾಬ ಎಂಬ ಮುದುಕ ಮಾರ್ಕರ್ ಇದ್ದ. ಮಾರ್ಕರ್ ಎಂದರೆ ಸಾಹೇಬರಿಗೆ ಜೊತೆ ಸಿಗದ ದಿನ ಎದುರಿಗೆ ನಿಂತು ಆಡುವ ಪಗಾರಿ ಮನುಷ್ಯ. ಬಂದಗಿಸಾಬ ಹೊಟ್ಟೆಪಾಡಿಗೆ ಸೊಲ್ಲಾಪುರಕ್ಕೆ ಹೋದವನು ಈ ರಸೂಲಸಾಬನ ಕೈಗೆ ಬಿದ್ದ, ಆಟ ಕಲಿತ. ಮುದುಕ ಅವನಿಗೆ ಎರಡು ಮಾತು ಹೇಳಿಕೊಟ್ಟ. ಒಂದು: "ಸಾಹೇಬ ಗೆದ್ದದ್ದು ಎಲ್ಲಾರಿಗೂ ಕಾಣಬೇಕು, ನೀ ಸೋತು ಕೊಟ್ಟದ್ದು ಯಾರಿಗೂ ಕಾಣಬಾರದು." ಎರಡನೆಯದು: "ಎಡಗೈಲೆ ಆಡಬ್ಯಾಡ. ಸಾಹೇಬ್ರಿಗೆ ಎಡಗೈಲೆ ನೀರ ಕೊಡ್ತೀಯೇನು? ಹಂಗ ಚೆಂಡೂ ಕೊಡಬಾರದು."

ಎರಡನೆಯ ಮಾತು ಹೇಳಲು ಕಾರಣವಿತ್ತು. ಬಂದಗಿಸಾಬ ಹುಟ್ಟಾ ಎಡಚ. ಎಡಗೈ ತಾಟಿನ ಕಡೆಗೆ ಹೋದಾಗಲೆಲ್ಲ ಬಡಿದು ಬಡಿದು ಅವನಪ್ಪ ಬಲಗೈಯಿಂದ ಉಣ್ಣಲು ಕಲಿಸಿದ್ದ. ಉಳಿದದ್ದನ್ನು ರಸೂಲಸಾಬ ಮುಗಿಸಿದ. ಹೀಗೆ ದೇವರು ಕೊಟ್ಟ ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಜನ ಕೊಟ್ಟ ಕೈಯಿಂದ ಅವನು ಟೆನಿಸ್ ಆಟಗಾರನಾದ.

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಇಂಡಿ ತಾಲೂಕಿನ ಸಾಹೇಬರಿಗೂ ಟೆನಿಸ್ ಬೇಕೆನಿಸಿತು. ಊರಲ್ಲಿ ಕುಡಿಯುವ ನೀರಿನ ಬಾವಿ ಒಂದು ಕಡಿಮೆ ಇತ್ತು. ಅದಿರಲಿ, ಟೆನಿಸ್ ಇಲ್ಲದೆ ಎಷ್ಟು ದಿನ ಬದುಕುವುದು? ಬಂದಗಿಸಾಬನಿಗೆ ಕರೆ ಬಂತು. ಹೆಂಡತಿ ಲಾಲಬಿಯನ್ನು ಕರೆದುಕೊಂಡು ಬಂದು ನೋಡಿದರೆ ಅಂಗಳವೆಲ್ಲ ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟರೆ ಚೆಂಡಲ್ಲ, ಸಾಹೇಬರ ಕಾಲೇ ಒಳಗೆ ಹೋಗಬೇಕು. ಇಪ್ಪತ್ತು ಬಂಡಿ ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು, ತರಿಸಿ ಹಾಸಿದ, ಕಲ್ಲಿನ ಗುಂಡು ಎಳೆದ, ಲಾಲಬಿ ಅದರ ಮೇಲೆ ಸಗಣಿ ಸಾರಿಸಿದಳು. ನಡುವಿನ ಬಲೆಯನ್ನು ಭೀಮಾ ನದಿಯ ಅಂಬಿಗರಿಂದ ಹೆಣೆಸಿದ.

"ಇಷ್ಟ ಉದ್ದ ಬಲಿ! ಎಂಥಾ ಮೀನ ಹಿಡೀತೀರಿ ಸಾಬ್ರ?" ಎಂದು ಅವರು ಕೇಳಿದರು.

"ಹಿಡಿಯೂದಲ್ಲಪಾ. ಸಾಹೇಬ್ರು ಹೊಡದದ್ದು ಇದರಾಗ ಬೀಳ್ತಾವ, ನಾ ಆರಿಸಿ ಕೊಡ್ತೇನಿ."

ದಿನವೂ ಬೆಳಗಿನ ಜಾವ ಸುಣ್ಣದ ಗೆರೆ ಎಳೆಯುವ ಕೆಲಸ. ತೂತು ಕೊರೆದ ಡಬ್ಬಿಯಲ್ಲಿ ಸುಣ್ಣದ ನೀರು ತುಂಬಿ ಬಾಗಿ ನಡೆಯಬೇಕು. ಬಲಗೈಯಲ್ಲಿ ಹಿಡಿದರೆ ಗೆರೆ ಹಳ್ಳದ ಹಾಗೆ ಹರಿಯುತ್ತಿತ್ತು. ಆ ಹೊತ್ತಿನಲ್ಲಿ ನೋಡುವ ಸಾಹೇಬ ಯಾರೂ ಇರುತ್ತಿರಲಿಲ್ಲವಲ್ಲ, ಎಡಗೈಗೆ ಬದಲಿಸಿಕೊಳ್ಳುತ್ತಿದ್ದ. ಗೆರೆ ಹುರಿ ಹಿಡಿದಷ್ಟು ನೇರ. ಮುಗಿದ ಮೇಲೆ ನೆಲ ಸರಿಯಾಗಿ ಪುಟಿಯುತ್ತದೋ ಎಂದು ನೋಡಲು ಅದೇ ಎಡಗೈಯಲ್ಲಿ ಬ್ಯಾಟು ಹಿಡಿದು ಇಪ್ಪತ್ತು ಮೂವತ್ತು ಚೆಂಡು ಬಾರಿಸುತ್ತಿದ್ದ. ಅವು ಎಲ್ಲಿಗೆ ಹೇಳಿದರೆ ಅಲ್ಲಿಗೆ ಹೋಗುತ್ತಿದ್ದವು. ಇದನ್ನು ನೋಡುತ್ತಿದ್ದವಳು ಸಗಣಿ ಬುಟ್ಟಿ ಹೊತ್ತು ನಿಂತ ಲಾಲಬಿ ಒಬ್ಬಳೇ. ಅವಳು ನೋಡಿದರೇನು, ಅವಳಿಗೆ ಟೆನಿಸ್ ಬರುತ್ತದೆಯೇ?

ಸಂಜೆಯಾದರೆ ಬಲಗೈಯ ದರಬಾರು. ಸೋಲುವುದರಲ್ಲಿ ಬಂದಗಿಸಾಬ ದರ್ಜೆ ಇಟ್ಟುಕೊಂಡಿದ್ದ. ದೊಡ್ಡ ಸಾಹೇಬರಿಗೆ ಆರು-ಎರಡು. ಅವರ ಕೈಕೆಳಗಿನವರಿಗೆ ಆರು-ನಾಲ್ಕು. ಅವರು ದೊಡ್ಡವರಿಗಿಂತ ಚೆನ್ನಾಗಿ ಗೆದ್ದರೆ ಕಚೇರಿಯಲ್ಲಿ ತೊಂದರೆ. ಡಾಕ್ಟರಿಗೆ ಏಳು-ಐದು, ಡಾಕ್ಟರು ಹೊಟ್ಟೆಯವರು, ನಾಲ್ಕು ಹೆಜ್ಜೆ ಹೆಚ್ಚು ಓಡಿದರೆ ಅವರ ಮೈಗೂ ಒಳ್ಳೆಯದು. ಚೆಂಡನ್ನು ಸಾಹೇಬರ ಬಲಮಗ್ಗುಲಿಗೆ, ಮೊಣಕಾಲಿನ ಎತ್ತರಕ್ಕೆ, ತಾಟಿನಲ್ಲಿಟ್ಟ ಉಂಡಿಯ ಹಾಗೆ ಇಡಬೇಕು. ಅವರು ಹೊಡೆದದ್ದಕ್ಕೆ ಓಡಬೇಕು, ಗೇಣು ಅಂತರದಲ್ಲಿ ತಪ್ಪಿಸಿಕೊಳ್ಳಬೇಕು, ಸೊಂಟಕ್ಕೆ ಕೈಯಿಟ್ಟು "ಏನ್ ಹೊಡದ್ರಿ ಸಾಹೇಬ್ರ! ಎಲ್ಲಿ ಕಲ್ತ್ರಿ?" ಎನ್ನಬೇಕು. ರೋಜಾ ಉಪವಾಸವಿದ್ದ ತಿಂಗಳು ಮಾತ್ರ ಏದುಸಿರನ್ನು ನಟಿಸುವ ಕಷ್ಟ ಇರುತ್ತಿರಲಿಲ್ಲ.

ಮನೆಗೆ ಬಂದರೆ ಲಾಲಬಿ ಒಲೆಯ ಮುಂದಿನಿಂದಲೇ ಕೇಳುವಳು: "ಇವತ್ತ ಯಾರ ಕಡೆ ಸೋತ್ರಿ?"

"ಡಾಕ್ಟರ್ ಕಡೆ. ಆಮ್ಯಾಲ ದೊಡ್ಡ ಸಾಹೇಬ್ರ ಕಡೆ."

"ಎಷ್ಟಕ್ಕ?"

ಬಂದಗಿಸಾಬ ಒಂದು ದಿನ ಎಣಿಕೆಯ ಕ್ರಮ ವಿವರಿಸಿದ: ಮೊದಲ ಹೊಡೆತಕ್ಕೆ ಹದಿನೈದು, ಎರಡಕ್ಕೆ ಮೂವತ್ತು, ಮೂರಕ್ಕೆ ನಲವತ್ತು.

"ನಲವತ್ತೈದ ಆಗಬೇಕಲ್ಲ? ಐದ ಎಲ್ಲಿ ಹೋದುವು?"

"ಸಾಹೇಬ್ರ ಆಟ ಅದು. ನಡುವ ಐದ ಹೋಗೇ ಹೋಗ್ತಾವ."

ಐವತ್ತಾರರಲ್ಲಿ ರಾಜ್ಯವೇ ಬದಲಾಯಿತು. ಮುಂಬಯಿಯವರು ಹೋದರು, ಮೈಸೂರಿನವರು ಬಂದರು. ಮರಾಠಿಯಲ್ಲಿ ಗೆಲ್ಲುತ್ತಿದ್ದವರ ಜಾಗದಲ್ಲಿ "ಹೊಡೆದುಬಿಟ್ಟೆ ನೋಡಯ್ಯಾ" ಎಂದು ಗೆಲ್ಲುವವರು ಬಂದರು. ಬೋರ್ಡು ಬದಲಾಯಿತು, ಬೀಗ ಬದಲಾಯಿತು, ಬಂದಗಿಸಾಬನ ಸೋಲು ಮಾತ್ರ ಇದ್ದಲ್ಲೇ ಇತ್ತು. ಯಾವ ಸರಕಾರ ಬಂದರೂ ಕೆಲವು ಇಲಾಖೆಗಳು ನಿಲ್ಲುವುದಿಲ್ಲ.

ಅರವತ್ತರಲ್ಲಿ ಬಸಂತರಾಯರು ದೊಡ್ಡ ಸಾಹೇಬರಾಗಿ ಬಂದರು. ನಮ್ಮ ಕಡೆಯವರೇ, ಮಾತು ಒರಟು, ಮನಸ್ಸಿನಲ್ಲಿ ಕಪಟವಿಲ್ಲ. ಕಪಟವಿಲ್ಲದ್ದರಿಂದಲೇ ಬೇರೆಯವರಲ್ಲೂ ಅದು ಕಾಣುತ್ತಿರಲಿಲ್ಲ. ಎರಡು ವರ್ಷ ದಿನವೂ ಬಂದಗಿಸಾಬನನ್ನು ಆರು-ಎರಡರಿಂದ ಸೋಲಿಸಿದರು. ಮನುಷ್ಯ ದಿನವೂ ಗೆದ್ದರೆ ತಾನು ಗೆಲ್ಲುವವನೆಂದು ನಂಬಿಬಿಡುತ್ತಾನೆ, ಪಾಪ. ಹೀಗಿರುವಾಗ ಅರವತ್ತೆರಡರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿನ ನೌಕರದಾರರಿಗೆಂದು ಬಸವನ ಬಾಗೇವಾಡಿಯಲ್ಲಿ ಒಂದು ಟೆನಿಸ್ ಕಪ್ ಇಟ್ಟರು.

"ಬಂದಗೀ, ಕಪ್ ಇಡಾಕ ಕ್ಲಬ್ಬಿನ್ಯಾಗ ಒಂದ ಮಾಡ ಮಾಡಸು" ಎಂದರು ಬಸಂತರಾಯರು.

ಬಂದಗಿಸಾಬನಿಗೆ ಕಾಲ ಕೆಳಗಿನ ಗರಸು ಸರಿದ ಹಾಗಾಯಿತು. ಬೇಡ ಎನ್ನುವುದು ಹೇಗೆ? ಎರಡು ವರ್ಷ ಹೊಗಳಿದ ಬಾಯಿ ಅದೇ ತಾನೆ? ಗೋಡೆಯಲ್ಲಿ ಗೂಡಿನಂಥ ಮಾಡ ಮಾಡಿಸಿದ. ಬಡಿಗ ಅದರ ಸಾಗವಾನಿ ಚೌಕಟ್ಟಿನಲ್ಲಿ ಚೆಂದದ ಹೂ ಕೆತ್ತಿಕೊಟ್ಟ.

ಇಂಡಿ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿದರು. ಸಾಹೇಬರು ಫಸ್ಟ್ ಕ್ಲಾಸಿನಲ್ಲಿ, ಬ್ಯಾಟುಗಳನ್ನು ಅಪ್ಪಿಕೊಂಡ ಬಂದಗಿಸಾಬ ಥರ್ಡ್ ಕ್ಲಾಸಿನಲ್ಲಿ. ಬಾಗೇವಾಡಿಯಲ್ಲಿ ಹೆಸರು ಬರೆಯುವ ಗುಮಾಸ್ತ ಅವನ ಕೈಯಲ್ಲಿ ಬ್ಯಾಟು ನೋಡಿ, "ನಿಮ್ಮ ಹೆಸರೂ ಬರೀಲೇನ್ರಿ?" ಎಂದು ಕೇಳಿದ. ಬಂದಗಿಸಾಬ ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು ನಿಯಮದ ಹಾಳೆ ಓದಿದರು: ಆಡಲು ಪಗಾರ ಪಡೆಯುವವನು ಪ್ರೊಫೆಶನಲ್ ಆಟಗಾರ, ಅವನಿಗೆ ಪ್ರವೇಶವಿಲ್ಲ. ತಾನು ಪ್ರೊಫೆಶನಲ್ ಆಟಗಾರ ಎಂಬುದು ಬಂದಗಿಸಾಬನಿಗೆ ಗೊತ್ತಾದದ್ದು ಅವತ್ತು. ಆಟ ಬರುತ್ತದೆ ಎಂಬ ಕಾರಣಕ್ಕೆ ಆಟದಿಂದ ಹೊರಗಿಡುವ ನಿಯಮ ಮಾಡಿದವರ ತಲೆಯನ್ನು ಮೆಚ್ಚಲೇಬೇಕು. ಅವನನ್ನು ಗೆರೆ ನೋಡಲು ಕುಕ್ಕರಗಾಲಿನಲ್ಲಿ ಕೂರಿಸಿದರು.

ಬಸಂತರಾಯರ ಎದುರಿಗೆ ಬಂದವನು ಮುದ್ದೇಬಿಹಾಳದ ಕಡೆಯ ಧರೆಪ್ಪ, ದನದ ದವಾಖಾನೆಯ ಕಂಪೌಂಡರ್. ಧೋತರವನ್ನು ಮೇಲೆ ಕಟ್ಟಿ ಬರಿಗಾಲಲ್ಲಿ ನಿಂತಿದ್ದ. ಸಾಹೇಬರು ನಕ್ಕರು. ಧರೆಪ್ಪನಿಗೆ ಆಟ ಕಲಿಸಿದ್ದು ದವಾಖಾನೆಯ ಹಿಂದಿನ ಗೋಡೆ. ಆ ಗೋಡೆಗೆ ಸಾಹೇಬರ ಭಯವಿರಲಿಲ್ಲ, ಮನೆ ಕಳೆದುಕೊಳ್ಳುವ ಚಿಂತೆಯೂ ಇರಲಿಲ್ಲ. ಎಷ್ಟು ಜೋರಾಗಿ ಹೊಡೆದರೆ ಅಷ್ಟೇ ಜೋರಾಗಿ ತಿರುಗಿ ಕೊಟ್ಟಿತ್ತು. ಅರ್ಧ ತಾಸಿನಲ್ಲಿ ಆರು-ಸೊನ್ನೆ, ಆರು-ಸೊನ್ನೆ. ಕೊನೆಯ ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೋ ಎಂದು ಬಂದಗಿಸಾಬನೇ ಹೇಳಬೇಕಾಗಿ ಬಂತು. ಒಳಗೆ ಬಿದ್ದಿತ್ತು. ಒಳಗೆ ಎಂದ.

ಧರೆಪ್ಪ ಬಂದು ಕೈಮುಗಿದ. "ತಪ್ಪ ತಿಳ್ಕೋಬ್ಯಾಡ್ರಿ ಸಾಹೇಬ್ರ. ನನಗ ಮೆತ್ತಗ ಹೊಡ್ಯಾಕ ಬರೂದಿಲ್ರಿ. ಗ್ವಾಡಿ ಹಂಗ ಕಲಿಸೇತಿ."

ತಿರುಗಿ ಬರುವಾಗ ಬಸಂತರಾಯರು ಫಸ್ಟ್ ಕ್ಲಾಸು ಬಿಟ್ಟು ಬಂದಗಿಸಾಬನ ಡಬ್ಬಿಗೇ ಬಂದು ಎದುರಿಗೆ ಕೂತರು. ವಿಜಾಪುರ ದಾಟಿದ ಮೇಲೆ ಕೇಳಿದರು:

"ಎರಡ ವರ್ಷ ನನ್ನ ಮಕ ನೋಡಿ ಸುಳ್ಳ ಸೋತಿ, ಹೌದಿಲ್ಲೋ?"

"ಸುಳ್ಳ ಅಲ್ರಿ ಸಾಹೇಬ್ರ. ನೌಕರಿರಿ."

"ಎಲ್ಲಿ ಕಲ್ತ್ರಿ, ಎಲ್ಲಿ ಕಲ್ತ್ರಿ ಅಂತಿದ್ದೆಲ್ಲಪಾ! ಈಗ ನಾಲ್ಕ ತಾಲೂಕಿನ ಮಂದಿ ಅದನ್ನ ಕೇಳಾಕತ್ತಾರ." ಸಾಹೇಬರು ಕಿಟಕಿಯ ಹೊರಗೆ ನೋಡಿದರು. "ನಾಳಿ ಸಂಜಿಗೆ ಎಲ್ಲಾರ ಮುಂದ ನನ್ನ ಕೂಡ ಖರೇ ಆಟ ಆಡಬೇಕು. ಮತ್ತ ಸೋತು ಕೊಟ್ಟಿ ಅಂದ್ರ, ನೌಕರಿ ಇಲ್ಲ. ಮನಿ ಖಾಲಿ ಮಾಡು."

ಮರುದಿನ ಬೆಳಿಗ್ಗೆ ಲಾಲಬಿ ಕೋಳಿಗಳಿಗೆ ನುಚ್ಚು ಹಾಕುತ್ತಲೇ ಎಲ್ಲವನ್ನೂ ಕೇಳಿದಳು.

"ಸೋತ್ರ ಮನಿ ಹೋಗ್ತೈತಿ. ಗೆದ್ರ?"

"ಅದನ್ನ ಸಾಹೇಬ್ರು ಹೇಳಿಲ್ಲ."

"ಅರ್ಧಾ ಹುಕುಮ ಕೊಟ್ಟಾರಂದಂಗಾತು. ಗೆಲ್ರಿ ಮತ್ತ. ಬರ್ತೈತಿಲ್ಲೋ?"

"ಅದರಾಗೇನ ಐತಿ?" ಎಂದ ಬಂದಗಿಸಾಬ.

ಅದರಲ್ಲಿ ಏನಿತ್ತು ಎಂಬುದು ಸಂಜೆ ತಿಳಿಯಿತು. ಕ್ಲಬ್ಬಿನ ಕುರ್ಚಿಗಳೆಲ್ಲ ತುಂಬಿದ್ದವು. ಬಂದಗಿಸಾಬ ಅಲ್ಲಾನ ಹೆಸರು ಹೇಳಿ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಬಲಗೈಗೆ ತಂದು ಚೆಂಡು ಹೊಡೆದ. ಚೆಂಡು ನೇರ ಹೋಗಿ ಸಾಹೇಬರ ಬಲಮಗ್ಗುಲಿಗೆ, ಮೊಣಕಾಲಿನ ಎತ್ತರಕ್ಕೆ, ತಾಟಿನ ಉಂಡಿಯ ಹಾಗೆ ಕೂತಿತು. ಸಾಹೇಬರು ಬಾರಿಸಿದರು. ಬಂದಗಿಸಾಬ ಓಡಿದ, ಗೇಣು ಅಂತರದಲ್ಲಿ ತಪ್ಪಿತು. ಮತ್ತೆ ಹೊಡೆದ, ಮತ್ತೆ ಅಲ್ಲಿಗೇ ಹೋಯಿತು. ಎತ್ತು ಕತ್ತಲಲ್ಲೂ ತನ್ನ ಗೋದಲಿಗೆ ಹೋಗುವುದಿಲ್ಲವೇ, ಹಾಗೆ. ಕೈ ಹನ್ನೆರಡು ತಿಂಗಳು, ಹತ್ತು ವರ್ಷ, ಒಂದೇ ಪಾಠ ಓದಿತ್ತು. ಒಂದು-ಸೊನ್ನೆ, ಎರಡು-ಸೊನ್ನೆ, ನಾಲ್ಕು-ಸೊನ್ನೆ.

ಬಸಂತರಾಯರ ಮುಖ ಕೆಂಪಾಯಿತು. "ಖರೇ ಆಡಲೇ!"

"ಖರೇನ ಆಡಾಕತ್ತೇನ್ರಿ!"

"ಮತ್ತ ಸುಳ್ಳ!"

"ಖುದಾನ ಆಣಿ ಸಾಹೇಬ್ರ, ಇದ ಖರೇರಿ! ಕೈ ಕೇಳವಲ್ದು!"

ಕುರ್ಚಿಯ ಮೇಲಿದ್ದವರು ನಕ್ಕರು. ಡಾಕ್ಟರು, "ಎಂಥಾ ನಟನಾ ಮಾಡ್ತಾನ ನೋಡ್ರಿ, ಬೆವರೂ ತರ್ಸ್ಯಾನ" ಎಂದರು. ಇನ್ನೆರಡು ಗೇಮು ಹೋದರೆ ಎರಡು ಕೋಣೆಯ ಮನೆ, ಲಾಲಬಿಯ ಕೋಳಿಗೂಡು, ಅವಳೇ ಸಾರಿಸಿದ ಗೋಡೆ, ಎಲ್ಲ ಹೋದ ಹಾಗೆ. ಜೀವಮಾನದಲ್ಲಿ ಮೊದಲ ಸಲ ಪ್ರಾಮಾಣಿಕವಾಗಿ ಸೋಲುತ್ತಿದ್ದ ಬಂದಗಿಸಾಬನನ್ನು ನಂಬುವವರು ಒಬ್ಬರೂ ಇರಲಿಲ್ಲ.

ಒಬ್ಬಳಿದ್ದಳು. ಕಳ್ಳಿಬೇಲಿಯ ಆಚೆ ನಿಂತಿದ್ದ ಲಾಲಬಿ. ಹತ್ತು ವರ್ಷದಲ್ಲಿ ಸಂಜೆಯ ಹೊತ್ತು ಆ ಕಡೆ ತಲೆ ಹಾಕದವಳು ಅವತ್ತು ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು. ಐದನೆಯ ಗೇಮಿಗೆ ಗಂಡ ಮತ್ತೆ ಬಲಗೈ ಎತ್ತಿದ್ದೇ ತಡ, ಸೆರಗು ಬಾಯಿಂದ ಜಾರಿತು. ಸಾಹೇಬರು, ಕುರ್ಚಿ, ಮರ್ಯಾದೆ, ಯಾವುದೂ ಅವಳಿಗೆ ಕಾಣಲಿಲ್ಲ.

"ಸುಣ್ಣಾ ಹಾಕೂ ಕೈಲೆ ಆಡ್ರೀ!"

ಬಂದಗಿಸಾಬ ನಿಂತ. ಬಲಗೈಯನ್ನು ನೋಡಿದ, ಎಡಗೈಯನ್ನು ನೋಡಿದ. ರಸೂಲಸಾಬನ ಮಾತು ಕಿವಿಯಲ್ಲಿತ್ತು. ಸಾಹೇಬರ ಮುಖ ನೋಡಿ, "ಎಡಗೈರಿ ಸಾಹೇಬ್ರ... ತಪ್ಪಾಗ್ತೈತಿ" ಎಂದ.

"ಕಾಲಿಲೆ ಆಡಲೇ ಬೇಕಾದ್ರ! ಖರೇ ಆಡು!"

ಬ್ಯಾಟು ಕೈ ಬದಲಿಸಿತು. ಚೆಂಡು ಸಾಹೇಬರ ಎಡಮಗ್ಗುಲಿಗೆ ಹೋಯಿತು. ಎರಡು ವರ್ಷದಲ್ಲಿ ಆ ಮಗ್ಗುಲಿಗೆ ಚೆಂಡು ಹೋದದ್ದು ಅದೇ ಮೊದಲು. ಅಲ್ಲಿಯ ಗರಸಿನ ಮೇಲೆ ಅವರ ಹೆಜ್ಜೆ ಗುರುತೂ ಇರಲಿಲ್ಲ. ಮುಂದಿನದು ಬಲೆಯ ಹತ್ತಿರ ಸತ್ತು ಬಿತ್ತು. ಅದರ ಮುಂದಿನದು ಮೂಲೆಯಲ್ಲಿ ಸುಣ್ಣ ಎಬ್ಬಿಸಿತು. ಬೆಳಗಿನ ಜಾವ ತಾನೇ ಎಳೆದ ಗೆರೆ, ಎಳೆದ ಕೈಗೆ ಗೊತ್ತಿರದೆ ಇರುತ್ತದೆಯೇ? ನಾಲ್ಕು-ಒಂದು, ನಾಲ್ಕು-ಎರಡು, ನಾಲ್ಕು-ನಾಲ್ಕು. ಡಾಕ್ಟರು ನಗುವುದನ್ನು ನಿಲ್ಲಿಸಿದರು. ಬಸಂತರಾಯರು ಈ ಮೂಲೆಯಿಂದ ಆ ಮೂಲೆಗೆ ಓಡಿದರು, ಬಿದ್ದರು, ಮೊಣಕಾಲು ತರಚಿಕೊಂಡರು. ಸತತ ಆರು ಗೇಮು. ನಾಲ್ಕಕ್ಕೆ ಆರು.

ಯಾರೂ ಚಪ್ಪಾಳೆ ತಟ್ಟಲಿಲ್ಲ; ತಟ್ಟಬೇಕೋ ಬಾರದೋ ಎಂದು ದೊಡ್ಡ ಸಾಹೇಬರ ಮುಖ ನೋಡುತ್ತಿದ್ದರು. ಬಸಂತರಾಯರು ಬಲೆಯ ಹತ್ತಿರ ಬಂದು ಕೈ ಚಾಚಿದರು. ಬಂದಗಿಸಾಬನ ಬಲಗೈ ಅವತ್ತು ಖಾಲಿಯೇ ಇತ್ತು, ಕೊಟ್ಟ.

"ನಾಳಿಂದ ಹಿಂಗ ಆಡು. ತಪ್ಪಿದ್ರ ನೋಡು."

ಮನೆಯಲ್ಲಿ ಅವನು ತಾಟಿನ ಮುಂದೆ ಕೂತು ಲಾಲಬಿಯ ಪ್ರಶ್ನೆಗೆ ಕಾದ. ಅವಳು ಕೇಳಲೇ ಇಲ್ಲ. ರೊಟ್ಟಿ ಹಾಕಿ, ಅವನ ಕೈ ನೋಡಿ, "ಉಣ್ಣಾಕ ಬಲಗೈ, ನೆನಪಿರ್ಲಿ. ಗೆದ್ದೇನಂತ ಎಡಗೈ ಹಚ್ಚೀರಿ" ಎಂದಳು. ಅದಕ್ಕಿಂತ ದೊಡ್ಡ ಸನ್ಮಾನ ಅವಳ ಬಾಯಿಂದ ಬರುವ ಪದ್ಧತಿ ಇರಲಿಲ್ಲ.

ಮನೆ ಉಳಿಯಿತು ಎಂದುಕೊಂಡರು. ಬಸಂತರಾಯರು ದಿನವೂ ಬಂದು ಸೋತರು. ನಾಲ್ಕು ತಿಂಗಳ ಮೇಲೆ ಒಂದೇ ಆಟದಲ್ಲಿ ಮೂರು ಗೇಮು ಗೆದ್ದ ದಿನ ಕ್ಲಬ್ಬಿಗೆಲ್ಲ ಪೇಢೆ ಹಂಚಿದರು. ತಿನ್ನಲು ಹೆಚ್ಚು ಜನ ಇರಲಿಲ್ಲ. ಅವತ್ತು ಕುರ್ಚಿಯ ಮೇಲೆ ಕೂತಿದ್ದವರೆಲ್ಲ ತಮ್ಮ ತಮ್ಮ ಆರು-ನಾಲ್ಕು, ಏಳು-ಐದುಗಳ ಅರ್ಥ ತಿಳಿದುಕೊಂಡು ಇಸ್ಪೀಟಿಗೆ ಹೋಗಿದ್ದರು. ಡಾಕ್ಟರು ಬಂದಗಿಸಾಬನನ್ನು ಕಂಡರೆ ರಸ್ತೆ ಬದಲಿಸುತ್ತಿದ್ದರು. ಅದರಿಂದಾದರೂ ಅವರಿಗೆ ನಡಿಗೆಯಾಯಿತು. ಸಾಗವಾನಿಯ ಮಾಡದಲ್ಲಿ ಇಸ್ಪೀಟಿನ ಕಟ್ಟು ಇಟ್ಟರು.

ಅರವತ್ತನಾಲ್ಕರಲ್ಲಿ ಬಸಂತರಾಯರಿಗೆ ವರ್ಗವಾಯಿತು. ಹೊಸ ಸಾಹೇಬರು ಹೊಸ ಬಿಳಿ ಬೂಟು ಹಾಕಿಕೊಂಡು ಬಂದು ಒಂದು ಆಟ ಆಡಿದರು. ಆರು-ಸೊನ್ನೆ. ಮರುದಿನ ಕ್ಲಬ್ಬಿನ ಗುಮಾಸ್ತನ ಕೈಯಲ್ಲಿ ಹೇಳಿಕಳಿಸಿದರು: ಮಾರ್ಕರನಿಗೆ ವಯಸ್ಸಾಗಿದೆ, ವಿಶ್ರಾಂತಿ ಬೇಕು. ಗುಮಾಸ್ತ ಒಳ್ಳೆಯವನು. ಧ್ವನಿ ತಗ್ಗಿಸಿ ಹೇಳಿದ: "ಸಾಬ್ರ, ಮೊದಲಿನಂಗ ಬಲಗೈಲೆ ಆಡಿದ್ರ ವಯಸ್ಸ ಆಗಿರೂದಿಲ್ಲಂತ್ರಿ."

ಬಂದಗಿಸಾಬ ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಲಾಲಬಿ ಗೋಡೆಯ ಮೇಲೆ ಕೈಯಾಡಿಸಿದಳು. ಹನ್ನೆರಡು ವರ್ಷ ಅವಳೇ ಸಾರಿಸಿದ ಗೋಡೆ.

"ಬಲಗೈ ಆಟ ಮರ್ತೈತೇನು?"

"ಮರ್ತಿಲ್ಲ. ಈಗ ಹೇಳಿದ್ರೂ ಆರು-ಎರಡ ಸೋಲ್ತೇನಿ. ನೀ ಹೇಳಿದ್ರ ಆಡ್ತೇನಿ."

"ನಾ ಬೇಲಿ ಹಂತ್ಯಾಕ ನಿಂತು ಒದರಿದ್ದು ಇದಕ್ಕೇನು?" ಎಂದು ಎದ್ದು ಕೋಳಿಗಳನ್ನು ಬುಟ್ಟಿಗೆ ಹಾಕತೊಡಗಿದಳು.

ಬೀಳ್ಕೊಡುವ ದಿನ ಸಾಹೇಬರೆಲ್ಲ ಸೇರಿ ಒಂದು ಶಾಲು ಹೊದಿಸಿದರು. ಹನ್ನೆರಡು ವರ್ಷದಲ್ಲಿ ಒಂದು ದೂರೂ ಬಾರದ ಹಾಗೆ ಸೇವೆ ಮಾಡಿದ, ಎರಡು ವರ್ಷದಿಂದ ಮಾತ್ರ ಆಟ ಯಾಕೋ ಕೆಟ್ಟಿತ್ತು ಎಂದು ಡಾಕ್ಟರು ಭಾಷಣ ಮಾಡಿದರು. ಕಾಣಿಕೆಯಾಗಿ ಕೊಟ್ಟ ಹಳೆಯ ಬ್ಯಾಟನ್ನು ಬಂದಗಿಸಾಬ ಎಡಗೈಯಲ್ಲಿ ಇಸಿದುಕೊಂಡ.

ತಾಂಬಾದ ಮೋಟಾರಿನಲ್ಲಿ ಬುಟ್ಟಿಯ ಕೋಳಿ ಕೂಗಿದ್ದಕ್ಕೆ ಕಂಡಕ್ಟರು ತಿರುಗಿ ನೋಡಿದ. ಬುಟ್ಟಿಯ ಪಕ್ಕದಲ್ಲಿ ಬ್ಯಾಟು ಕಂಡಿತು.

"ಯಾರ್ದ್ರಿ ಇದು? ಆಟ ಆಡ್ತೀರೇನು ಸಾಬ್ರ?"

"ಆಡ್ತಿದ್ದೆ."

"ಗೆಲ್ತಿದ್ರೋ, ಸೋಲ್ತಿದ್ರೋ?"

ಬಂದಗಿಸಾಬ ಬ್ಯಾಟನ್ನು ಹತ್ತಿರಕ್ಕೆ ಎಳೆದುಕೊಂಡ. ಲಾಲಬಿ ಬುಟ್ಟಿಯನ್ನು ಕಾಲಿಂದ ಒಳಗೆ ಸರಿಸುತ್ತ ಹೇಳಿದಳು:

"ನಾ ನೋಡಿದಾಗ ಗೆದ್ದಾರಪಾ. ಎರಡ ತಿಕೀಟ ಹರಿ. ಕೋಳಿಗೆ ತಿಕೀಟ ಇಲ್ಲ."